ಕ್ಯಾಂಪಸ್ಸಿಗೊಬ್ಬ ನೀರುಗಂಟಿ ಬೇಕು

ನಾನು ಎರಡು ವರ್ಷ ಇದ್ದ ಹಾಸ್ಟೆಲಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೇ ಎಚ್ಚರವಾಗುತ್ತಿತ್ತು. ಅಲಾರಾಂ ಬೇಕಿರಲಿಲ್ಲ. ಚಾವಣಿ ಮೇಲಿನ ಟ್ಯಾಂಕು ತುಂಬಿ, ನೀರು ಮೂರು ಮಹಡಿ ಕೆಳಗಿನ ಸಿಮೆಂಟು ನೆಲಕ್ಕೆ ದಬದಬನೆ ಬೀಳುತ್ತಿತ್ತು. ಪಂಪ್ ಆಪರೇಟರ್ ಬಂದು ಮೋಟರ್ ಆಫ್ ಮಾಡುವವರೆಗೂ ಅದೇ ಸದ್ದು. ಕೆಲವು ದಿನ ಅರ್ಧ ಗಂಟೆ, ಕೆಲವು ದಿನ ಒಂದು ಗಂಟೆ. ನೀರು ಬೀಳುವ ಜಾಗದಲ್ಲಿ ದಪ್ಪಗೆ ಪಾಚಿ ಕಟ್ಟಿತ್ತು. ಅದರ ಅಂಚಿನಲ್ಲಿ ಕೆಸುವಿನ ಗಿಡಗಳು ಕೊಬ್ಬಿ ಬೆಳೆದಿದ್ದವು. ಅಲ್ಲಿಂದ ಹೆಚ್ಚೆಂದರೆ ನಲವತ್ತು ಹೆಜ್ಜೆ ದೂರದಲ್ಲಿ ಜೂನ್ 5ರಂದು ನಾವೇ ನೆಟ್ಟ ಹೊಂಗೆ ಸಸಿಗಳ ಸಾಲು. ಮಾರ್ಚ್ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಒಣಗಿ ಕಡ್ಡಿಯಾಗಿದ್ದವು.

ನೀರಿತ್ತು, ಗಿಡವಿತ್ತು, ನೂರಾರು ಜನ ನಾವೂ ಇದ್ದೆವು. ನಲವತ್ತು ಹೆಜ್ಜೆ ದಾಟಿಸುವ ಒಂದು ಪೈಪು ಮಾತ್ರ ಇರಲಿಲ್ಲ. ಅಲ್ಲಿ ಯಾರೂ ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಹಾಗಿದ್ದರೂ ಎರಡು ವರ್ಷ ಅದು ಹಾಗೇ ನಡೆಯಿತು. ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿದರೆ ನಮ್ಮ ವಿಶ್ವವಿದ್ಯಾಲಯಗಳ ಪರಿಸರದ ಸಮಸ್ಯೆ ಅರ್ಧ ಅರ್ಥವಾದ ಹಾಗೆ.

ಮನೆಯಲ್ಲಿ ನಲ್ಲಿ ಸೋರಿದರೆ ಬಿಲ್ಲು ನಮಗೇ ಬರುತ್ತದೆ. ಫ್ಯಾನ್ ಸುಮ್ನೆ ತಿರುಗುತ್ತಿದ್ದರೆ ಅಮ್ಮ ಬೈಯುತ್ತಾರೆ. ಬಳಸುವವರು, ದುಡ್ಡು ಕಟ್ಟುವವರು, ಸರಿಮಾಡುವವರು ಒಂದೇ ಸೂರಿನಡಿ ಇರುತ್ತಾರೆ. ಕ್ಯಾಂಪಸ್ಸಿನಲ್ಲಿ ಈ ಮೂವರೂ ಬೇರೆ ಬೇರೆ. ನೀರು ಬಳಸುವುದು ವಿದ್ಯಾರ್ಥಿ. ಬಿಲ್ಲು ನೋಡುವುದು ಹಣಕಾಸು ವಿಭಾಗ. ನಲ್ಲಿ ರಿಪೇರಿ ಮಾಡಬೇಕಾದ್ದು ಎಂಜಿನಿಯರಿಂಗ್ ವಿಭಾಗ. ಈ ಮೂವರು ಒಂದೇ ಮೇಜಿನ ಸುತ್ತ ಕೂತು ಮಾತಾಡುವ ಸಂದರ್ಭ ವರ್ಷಕ್ಕೊಮ್ಮೆಯೂ ಬರುವುದಿಲ್ಲ. ಎಷ್ಟೋ ಕ್ಯಾಂಪಸ್ಸುಗಳಲ್ಲಿ ಹತ್ತಾರು ಕಟ್ಟಡಗಳಿಗೆ ಸೇರಿ ಕರೆಂಟಿಗೆ ಒಂದೇ ಎಚ್‌ಟಿ (ಹೈ ಟೆನ್ಶನ್) ಮೀಟರ್ ಇರುತ್ತದೆ. ತಿಂಗಳಿಗೆ ಒಂದು ದೊಡ್ಡ ಮೊತ್ತದ ಬಿಲ್ಲು ಬರುತ್ತದೆ. ಅದರಲ್ಲಿ ಲೈಬ್ರರಿಯ ಪಾಲೆಷ್ಟು, ಹಾಸ್ಟೆಲಿನ ಪಾಲೆಷ್ಟು, ರಾತ್ರಿಯಿಡೀ ಓಡುವ ಲ್ಯಾಬಿನ ಎ.ಸಿ.ಯ ಪಾಲೆಷ್ಟು ಅಂತ ಕೇಳಿದರೆ ಹೇಳುವವರು ಯಾರೂ ಇಲ್ಲ. ಗೊತ್ತೇ ಇಲ್ಲದ್ದನ್ನು ಕಡಿಮೆ ಮಾಡುವುದು ಹೇಗೆ?

ಕಾನೂನು, ನಿಯಮಗಳಿಗೆ ಕೊರತೆಯಿಲ್ಲ. ಪರಿಸರದ ಪರ ವಾದಿಸುವ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದಿತು. ಆಮೇಲೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪರಿಸರ ಅಧ್ಯಯನ ಪತ್ರಿಕೆ ತಂದಿತು. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನದಂಡಗಳಲ್ಲಿ ಇಂಧನ, ನೀರು, ಕಸ, ಹಸಿರು ಕ್ಯಾಂಪಸ್ ಎಲ್ಲಕ್ಕೂ ಜಾಗವಿದೆ. ಆದರೆ ಪತ್ರಿಕೆ ಪರೀಕ್ಷೆಯ ಜೊತೆ ಮುಗಿಯುತ್ತದೆ. ನ್ಯಾಕ್ ತಂಡ ಬರುವುದು ಕೆಲವು ವರ್ಷಕ್ಕೊಮ್ಮೆ. ಟ್ಯಾಂಕು ತುಂಬಿ ಹರಿಯುವುದು ಮಾತ್ರ ದಿನಾ.

ನಮ್ಮ ಹಳ್ಳಿಗಳಲ್ಲಿ ಈ ಕೆಲಸಕ್ಕೇ ಒಬ್ಬ ಮನುಷ್ಯ ಇರುತ್ತಿದ್ದ. ನೀರುಗಂಟಿ. ಕೆರೆಯ ತೂಬು ಎತ್ತುವವನು, ಇಳಿಸುವವನು ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಏರಿ ಎಲ್ಲಿ ಜಿನುಗುತ್ತಿದೆ, ಈ ಸಲ ಕೋಡಿ ಬೀಳುತ್ತದೋ ಇಲ್ಲವೋ, ಎಲ್ಲ ಅವನ ತಲೆಯಲ್ಲಿತ್ತು. ಸುಗ್ಗಿಯಲ್ಲಿ ಊರವರು ಅವನಿಗೆ ಕಾಳಿನ ಪಾಲು ಕೊಡುತ್ತಿದ್ದರು. ಲೆಕ್ಕ ಗೊತ್ತಿದ್ದವನ ಕೈಯಲ್ಲೇ ತೂಬಿನ ಕೀಲಿಯೂ ಇತ್ತು ಅನ್ನುವುದು ಇಲ್ಲಿ ಮುಖ್ಯ. ಕ್ಯಾಂಪಸ್ಸಿನಲ್ಲಿ ನಾವು ಕಳೆದುಕೊಂಡಿರುವುದು ಈ ಜೋಡಣೆಯನ್ನೇ.

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ನೋಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕೆರೆ ಅದು. ಈಗ ಅದು ಮೈಸೂರು ವಿಶ್ವವಿದ್ಯಾಲಯದ ಸ್ವತ್ತು, ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ. ಆ ಕ್ಯಾಂಪಸ್ಸಿಗೆ ಹೆಸರಿಟ್ಟ ಕುವೆಂಪು ಇದೇ ಕೆರೆಯ ದಂಡೆಯಲ್ಲಿ ನಡೆದಾಡಿದವರು. ಇವತ್ತಿಗೂ ಬೆಳಗ್ಗೆ ಹೋದರೆ ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತಿರುತ್ತವೆ. ಒಂದು ವಿಶ್ವವಿದ್ಯಾಲಯಕ್ಕೆ ಸ್ವಂತ ಕೆರೆ ಇರುವುದು ಎಷ್ಟು ದೊಡ್ಡ ಭಾಗ್ಯ, ಅಲ್ವಾ?

ಆದರೆ ಕೆರೆ ಅಂದರೆ ನಾಲ್ಕು ದಂಡೆಯ ನಡುವಿನ ನೀರಷ್ಟೇ ಅಲ್ಲ. ಅದಕ್ಕೆ ನೀರು ತರುವ ದಾರಿಯೂ ಕೆರೆಯೇ. ಕುಕ್ಕರಹಳ್ಳಿಗೆ ಪೂರ್ಣಯ್ಯ ನಾಲೆಯಿಂದ ನೀರು ಬರುತ್ತಿತ್ತು. ಊರು ಬೆಳೆಯುತ್ತ ಹೋದ ಹಾಗೆ ನಾಲೆಯ ಹಾದಿ ಮುಚ್ಚಿತು, ಒತ್ತುವರಿಯಾಯಿತು. ಒಳ್ಳೆಯ ನೀರಿನ ದಾರಿ ಕಟ್ಟಾದಾಗ ಸುತ್ತಲ ಬಡಾವಣೆಗಳ ಚರಂಡಿ ನೀರು ದಾರಿ ಮಾಡಿಕೊಂಡಿತು. ಆಮೇಲೆ ನಡೆದ ಹೋರಾಟ, ಚರಂಡಿ ತಿರುಗಿಸುವ ಕೆಲಸ ಎಲ್ಲ ಇದರ ಹಿಂದೆ ಓಡಿದ ಓಟ. ಕ್ಯಾಂಪಸ್ಸಿನ ಕಾಂಪೌಂಡು ಗೋಡೆ ಆಸ್ತಿಗೆ ಮಾತ್ರ ಗಡಿ. ನೀರಿಗೆ ಅದು ಗೊತ್ತೇ ಇಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಪರಿಸರ ಸಮಿತಿಯಲ್ಲಿ ಪಾಲಿಕೆಯ ಎಂಜಿನಿಯರೂ, ಕೆರೆಯ ಮೇಲ್ಭಾಗದ ಬಡಾವಣೆಯ ಒಬ್ಬರೂ ಇರಲೇಬೇಕು ಅನ್ನುತ್ತೇನೆ ನಾನು. ಇಲ್ಲದಿದ್ದರೆ ಕೆಳಗೆ ನಿಂತು ಕೊಳಚೆ ಬಳಿಯುತ್ತಲೇ ಇರಬೇಕಾಗುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಪೆನ್ನು ಹಿಡಿದು ಕೂತರೆ ಯಾರು ಬೇಕಾದರೂ ಮಾಡಬಹುದಾದ ಲೆಕ್ಕ ಇದು.

ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅನ್ನುವುದು ನಮ್ಮ ದೇಶದಲ್ಲಿ ಯೋಜನೆ ಮಾಡುವಾಗ ಹಿಡಿಯುವ ಅಳತೆ. ಸಾವಿರ ಮಂದಿಯ ಹಾಸ್ಟೆಲ್ ಆದರೆ ದಿನಕ್ಕೆ 1.35 ಲಕ್ಷ ಲೀಟರ್. 12,000 ಲೀಟರಿನ ದೊಡ್ಡ ಟ್ಯಾಂಕರ್ ಲೆಕ್ಕದಲ್ಲಿ ಹನ್ನೊಂದಕ್ಕೂ ಜಾಸ್ತಿ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಬೇಕಾಯಿತು. 12,000 ಲೀಟರಿಗೆ, ಐದು ಕಿಲೋಮೀಟರ್ ಒಳಗಾದರೆ, 1,000 ರೂಪಾಯಿ. ಇಡೀ ಹಾಸ್ಟೆಲ್ ಟ್ಯಾಂಕರ್ ನೀರಿನ ಮೇಲೆ ನಿಂತರೆ ತಿಂಗಳ ಖರ್ಚು ಎಲ್ಲಿಗೆ ಹೋಗುತ್ತದೆ ಅಂತ ನೀವೇ ಹಾಕಿ ನೋಡಿ.

ಇದಕ್ಕೆ ಎಲ್ಲರೂ ಮೊದಲು ಹೇಳುವ ಪರಿಹಾರ ಮಳೆನೀರು ಕೊಯ್ಲು. ಸರಿಯೇ. 1,000 ಚದರ ಮೀಟರಿನ ಒಂದು ಚಾವಣಿ. ವರ್ಷಕ್ಕೆ 800 ಮಿಲಿಮೀಟರ್ ಮಳೆ. ಬಿದ್ದದ್ದು 8 ಲಕ್ಷ ಲೀಟರ್. ಆವಿಯಾಗಿ, ಸಿಡಿದು, ಮೊದಲ ಮಳೆಯ ಕೊಳೆನೀರು ಬಿಟ್ಟು ನೂರಕ್ಕೆ 80 ಪಾಲು ಸಿಕ್ಕಿದರೂ 6.4 ಲಕ್ಷ ಲೀಟರ್ ಆಯಿತು. ಕೇಳಲಿಕ್ಕೆ ತುಂಬಾ ದೊಡ್ಡದು. ಆದರೆ ಸಾವಿರ ಮಂದಿಗೆ ಅದು ಐದು ದಿನದ ನೀರು ಕೂಡ ಆಗುವುದಿಲ್ಲ. ಹಾಗಂತ ಮಳೆನೀರು ಬೇಡ ಅಂತಲ್ಲ. ಚಾವಣಿಗಳು ಹತ್ತಾರು ಇರುತ್ತವೆ. ಇಂಗುಗುಂಡಿಗೆ ಹೋದ ನೀರು ಬೋರ್‌ವೆಲ್‌ಗೂ ಮರಗಳಿಗೂ ಬೇಕೇ ಬೇಕು. ಆದರೆ ದೊಡ್ಡ ನಿಧಿ ಬೇರೆ ಕಡೆ ಇದೆ.

ಬಳಸಿದ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ. ನಮ್ಮ ಸಾವಿರ ಮಂದಿಯ ಹಾಸ್ಟೆಲಿನಿಂದ ದಿನಕ್ಕೆ 1.08 ಲಕ್ಷ ಲೀಟರ್. ಮಳೆಗಾಲ, ಬೇಸಿಗೆ ಅಂತ ಇಲ್ಲ, ಹಾಸ್ಟೆಲ್ ತುಂಬಿರುವಷ್ಟು ದಿನವೂ ಬರುತ್ತಲೇ ಇರುತ್ತದೆ. 135 ಲೀಟರಿನಲ್ಲಿ 45 ಲೀಟರ್ ಫ್ಲಶ್‌ಗೇ ಹೋಗುತ್ತದೆ ಅನ್ನುವುದು ಕಟ್ಟಡ ಸಂಹಿತೆಯ ಲೆಕ್ಕ. ಕುಡಿಯುವ ನೀರನ್ನು ಫ್ಲಶ್‌ಗೆ ಸುರಿಯುತ್ತಿದ್ದೇವೆ. ಈ ಕೊಳಚೆಯನ್ನೇ ಶುದ್ಧೀಕರಿಸಿ ಅಲ್ಲಿ ಬಳಸಿದರೆ ದಿನಕ್ಕೆ 45,000 ಲೀಟರ್ ಹೊಸ ನೀರು ಉಳಿಯುತ್ತದೆ. ಉಳಿದ ಸಂಸ್ಕರಿಸಿದ ನೀರು ಗಿಡಗಳಿಗೆ. ಅಂದರೆ ಆ ಒಂದು ಚಾವಣಿ ಇಡೀ ವರ್ಷ ಕೂಡಿಡುವ ಮಳೆನೀರಿನಷ್ಟು ಕೊಳಚೆಯನ್ನು ಹಾಸ್ಟೆಲ್ ಒಂದು ವಾರದೊಳಗೆ ಹೊರಗೆ ಕಳಿಸುತ್ತದೆ.

ತೊಡಕು ಪೈಪಿನಲ್ಲಿದೆ. ಹಳೆಯ ಹಾಸ್ಟೆಲುಗಳಲ್ಲಿ ಸ್ನಾನಕ್ಕೂ ಫ್ಲಶ್‌ಗೂ ಒಂದೇ ಲೈನು. ಗೋಡೆ ಒಡೆದು ಎರಡು ಲೈನ್ ಮಾಡುವುದು ದುಬಾರಿ. ಆದ್ದರಿಂದ ಹಳೆಯ ಕಟ್ಟಡದ ಸಂಸ್ಕರಿಸಿದ ನೀರನ್ನು ತೋಟಕ್ಕೆ, ಆಟದ ಮೈದಾನಕ್ಕೆ ಬಿಡಿ. ಹೊಸದಾಗಿ ಕಟ್ಟುವ ಪ್ರತಿ ಕಟ್ಟಡಕ್ಕೂ ನಕ್ಷೆಯಲ್ಲೇ ಎರಡು ಲೈನ್ ಹಾಕಿಸಿ. ಈಗ ಹಾಕದಿದ್ದರೆ ಮುಂದಿನ ನಲವತ್ತು ವರ್ಷ ಅದೇ ತಪ್ಪಿನ ಜೊತೆ ಬದುಕಬೇಕಾಗುತ್ತದೆ.

ಬೆಂಗಳೂರಿನಲ್ಲಿ ನೀರು ಉಳಿಸಿದರೆ ಕರೆಂಟೂ ಉಳಿಯುತ್ತದೆ ಅನ್ನುವುದನ್ನು ಮರೆಯಬಾರದು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತದಲ್ಲಿ ಪಂಪ್ ಆಗಿ ಬೆಟ್ಟ ಹತ್ತಿ ಬರುತ್ತದೆ. ಇಲ್ಲಿ ಬಳಸಿ ಬಿಟ್ಟ ನೀರಿನ ಒಂದು ಪಾಲು ವೃಷಭಾವತಿ ನದಿ ಸೇರಿ, ಬೈರಮಂಗಲ ಕೆರೆ ದಾಟಿ, ಅರ್ಕಾವತಿಯ ಜೊತೆ ಮತ್ತೆ ಕಾವೇರಿಗೇ ಹೋಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ಇರುವುದು ಇದೇ ವೃಷಭಾವತಿಯ ಕಣಿವೆಯಲ್ಲಿ. ಮೈಸೂರು ರಸ್ತೆಯಲ್ಲಿ ಆ ನದಿಯ ವಾಸನೆ ಕುಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಮೆಸ್ಸಿನ ವಿಷಯಕ್ಕೆ ಬರೋಣ. ನನಗೆ ಇದು ಎಲ್ಲಕ್ಕಿಂತ ಹತ್ತಿರದ ವಿಷಯ.

ನಮ್ಮ ಮೆಸ್ಸಿನಲ್ಲಿ ಕೈತೊಳೆಯುವ ತೊಟ್ಟಿಯ ಪಕ್ಕ ಎರಡು ನೀಲಿ ಡ್ರಮ್ಮು ಇಟ್ಟಿದ್ದರು. ಎಂಜಲು ಅದರೊಳಗೆ. ಉಪ್ಪಿಟ್ಟು ಇದ್ದ ದಿನ ಬೆಳಗ್ಗೆ ಒಂಬತ್ತಕ್ಕೇ ಒಂದು ಡ್ರಮ್ಮು ತುಂಬುತ್ತಿತ್ತು. ರಾತ್ರಿ ಅನ್ನ ಸಾರು. ಬಡಿಸುವ ಅಣ್ಣನ ಕೈಯಲ್ಲಿ ದೊಡ್ಡ ಸೌಟು. ಸಾಲು ಬೇಗ ಸಾಗಬೇಕು, ಹಾಗಾಗಿ ಕೇಳದೆ ಎರಡು ಸೌಟು ಅನ್ನ. ಹುಡುಗರು ಅರ್ಧ ತಿಂದು ಎದ್ದು ಹೋಗುತ್ತಿದ್ದರು. ಒಂದು ಸಲ ಅಡುಗೆ ಭಟ್ಟರೇ ಬಡಿಸಲು ನಿಂತರು. ಸಣ್ಣ ಸೌಟು ಹಿಡಿದು, "ಮೊದಲು ಇಷ್ಟು ತಗೋಳಪ್ಪ, ಬೇಕಿದ್ರೆ ಮತ್ತೆ ಬಾ" ಅನ್ನುತ್ತಿದ್ದರು. ಆ ರಾತ್ರಿ ಡ್ರಮ್ಮು ಅರ್ಧ ಕೂಡ ತುಂಬಲಿಲ್ಲ. ಸೌಟಿನ ಗಾತ್ರದಲ್ಲಿ ಇಷ್ಟೊಂದು ಅಡಗಿದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಇಲ್ಲೂ ಅದೇ ಲೆಕ್ಕದ ತೊಂದರೆ. ನಮ್ಮ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಡಿವೈಡಿಂಗ್ ಸಿಸ್ಟಂ. ತಿಂಗಳ ಒಟ್ಟು ಖರ್ಚನ್ನು ತಲೆಗೆ ಇಷ್ಟು ಅಂತ ಹಂಚುತ್ತಾರೆ. ನಾನು ಚೆಲ್ಲಿದ ಅನ್ನದ ದುಡ್ಡು ಮುನ್ನೂರು ಜನರ ಮೇಲೆ ಹರಡಿಹೋಗುತ್ತದೆ. ನನ್ನ ಪಾಲಿಗೆ ಬರುವುದು ಕೆಲವು ಪೈಸೆ. ಹಾಗಾಗಿ ಯಾರಿಗೂ ಅದು ನಷ್ಟ ಅನ್ನಿಸುವುದಿಲ್ಲ, ಎಲ್ಲರ ಬಿಲ್ಲೂ ಏರುತ್ತದೆ. ಡಿವೈಡಿಂಗ್ ಬೇಡ ಅನ್ನುವುದಿಲ್ಲ ನಾನು. ಬಡ ಮನೆಗಳಿಂದ ಬಂದ ಮಕ್ಕಳಿಗೆ ಅದು ಅನುಕೂಲ. ಆದರೆ ಡ್ರಮ್ಮಿನ ಕೆಳಗೆ ಒಂದು ತಕ್ಕಡಿ, ಗೋಡೆ ಮೇಲೆ ಒಂದು ಕರಿಹಲಗೆ ಇಡಬಹುದಲ್ಲ. ನಿನ್ನೆ ಎಷ್ಟು ಕಿಲೋ ಚೆಲ್ಲಿದೆವು, ಈ ತಿಂಗಳು ಅದರಿಂದ ಪ್ರತಿಯೊಬ್ಬರ ಬಿಲ್ಲಿಗೆ ಎಷ್ಟು ಸೇರಿತು ಅಂತ ಅಲ್ಲೇ ಬರೆದರೆ ಸಾಕು.

ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಮಾಡುವ ಸಂಸ್ಥೆಗಳು ಅದನ್ನು ಬೇರ್ಪಡಿಸಬೇಕು, ಹಸಿಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಕರಗಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ದೊಡ್ಡ ಕ್ಯಾಂಪಸ್ಸುಗಳೆಲ್ಲ ಇದರೊಳಗೆ ಬಂದವು. ಮಲೆನಾಡಿನ ಮನೆಗಳಲ್ಲಿ ಗೋಬರ್ ಗ್ಯಾಸ್ ನೋಡಿದವರಿಗೆ ತಂತ್ರ ಹೊಸದಲ್ಲ. ಸಗಣಿಯ ಬದಲು ಮೆಸ್ಸಿನ ಎಂಜಲು, ತರಕಾರಿ ಸಿಪ್ಪೆ. ಬಂದ ಗ್ಯಾಸು ಅದೇ ಅಡುಗೆಮನೆಯ ಒಲೆಗೆ, ಬಗ್ಗಡ ತೋಟಕ್ಕೆ. ಇಂಥ ಘಟಕಗಳು ನಿಂತುಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಎಂಜಲಿನ ಜೊತೆ ಪ್ಲಾಸ್ಟಿಕ್ ಚಮಚ, ಪೊಟ್ಟಣ, ನಿಂಬೆಹಣ್ಣಿನ ರಾಶಿ ಬೀಳುತ್ತದೆ. ರಜೆಯಲ್ಲಿ ಎರಡು ತಿಂಗಳು ಏನೂ ಬೀಳುವುದಿಲ್ಲ. ಒಳಗಿನ ಜೀವಾಣುಗಳು ಹಸು ಇದ್ದ ಹಾಗೆ. ದಿನಾ ಹೊತ್ತಿಗೆ ಸರಿಯಾಗಿ ಮೇವು ಬೇಕು, ಕಂಡದ್ದೆಲ್ಲ ಹಾಕಬಾರದು. ರಜೆಯಲ್ಲೂ ಸ್ವಲ್ಪ ಸಗಣಿ ಹಾಕಿ ನೋಡಿಕೊಳ್ಳುವ ಒಬ್ಬರನ್ನು ಗೊತ್ತು ಮಾಡದೆ ಘಟಕ ಕಟ್ಟಿಸಿದರೆ ದುಡ್ಡು ದಂಡ.

ವಿದ್ಯುತ್ತಿನದು ಇದಕ್ಕಿಂತ ಸುಲಭದ ಕಥೆ. ನೆರಳು ಬೀಳದ ಸುಮಾರು 10 ಚದರ ಮೀಟರ್ ಚಾವಣಿ ಇದ್ದರೆ 1 ಕಿಲೋವ್ಯಾಟ್ ಸೋಲಾರ್ ಕೂರುತ್ತದೆ. ನಮ್ಮ ಬಿಸಿಲಿಗೆ ಅದು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮನೆಗಳಲ್ಲಿ ಬಿಸಿಲಿರುವಾಗ ಬಳಕೆ ಕಡಿಮೆ, ರಾತ್ರಿ ಜಾಸ್ತಿ. ತರಗತಿಗಳು ನಡೆಯುವುದು ಹತ್ತರಿಂದ ಐದು. ಬಿಸಿಲು ಇದ್ದಾಗಲೇ ಬಳಕೆಯೂ ಇರುತ್ತದೆ. ಕಂಪನಿಯೇ ಬಂಡವಾಳ ಹಾಕಿ ಪ್ಯಾನೆಲ್ ಕೂರಿಸಿ, ವಿಶ್ವವಿದ್ಯಾಲಯ ಯೂನಿಟ್ ಲೆಕ್ಕದಲ್ಲಿ ಕೊಳ್ಳುವ ರೆಸ್ಕೊ ಪದ್ಧತಿಯೂ ಇದೆ. ಇನ್ನು ಫ್ಯಾನು. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 35ರ ಆಸುಪಾಸು. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 200 ದಿನ ಅಂತ ಹಿಡಿದರೆ ಒಂದು ಫ್ಯಾನಿಗೆ 64 ಯೂನಿಟ್ ಉಳಿತಾಯ. ಸಾವಿರ ಫ್ಯಾನಿಗೆ 64,000. ಹಳೆಯ ಫ್ಯಾನ್ ಕೆಟ್ಟಾಗ ಅದನ್ನೇ ರೀವೈಂಡಿಂಗ್ ಮಾಡಿಸಬೇಡಿ, ಹೊಸದು ಹಾಕಿ ಅನ್ನುವ ಒಂದು ಸಾಲಿನ ಆದೇಶ ಸಾಕು.

ನೆಲದ ವಿಷಯ ಅಷ್ಟು ಸುಲಭವಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಸುಮಾರು 1,100 ಎಕರೆಯ ಕ್ಯಾಂಪಸ್ ಅಂತ ಹೆಸರಾದದ್ದು. ಒಳಗೆ ಬಯೋಪಾರ್ಕ್ ಇದೆ, ಕಾಡಿನ ಹಾಗೆ ಬೆಳೆದ ಭಾಗಗಳಿವೆ. ಪಶ್ಚಿಮ ಬೆಂಗಳೂರಿಗೆ ಇದು ಶ್ವಾಸಕೋಶ. ಬೇರೆ ಬೇರೆ ಸಂಸ್ಥೆಗಳಿಗೆ ಇಲ್ಲಿ ಜಾಗ ಸಿಗುತ್ತ ಬಂತು. ಮೈಸೂರು ರಸ್ತೆ ಕಡೆಯಿಂದ ನಾಗರಭಾವಿ, ಉಲ್ಲಾಳ ಕಡೆಗೆ ಹೋಗುವ ವಾಹನಗಳಿಗೆ ಕ್ಯಾಂಪಸ್ಸೇ ದಾರಿಯಾಯಿತು. 2022ರ ಅಕ್ಟೋಬರಿನಲ್ಲಿ ಕ್ಯಾಂಪಸ್ಸಿನೊಳಗೇ ಬಸ್ಸಿಗೆ ಸಿಕ್ಕಿದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಆಮೇಲೆ ತೀರಿಕೊಂಡರು. ಹೊರಗಿನ ವಾಹನ ನಿಲ್ಲಿಸಿ ಅಂತ ವಿದ್ಯಾರ್ಥಿಗಳು ಧರಣಿ ಕೂತರು. ಪರಿಸರ ಮತ್ತು ಸುರಕ್ಷತೆ ಬೇರೆ ಬೇರೆ ಅನ್ನುವವರು ಆ ಹುಡುಗರ ಮಾತು ಕೇಳಬೇಕಿತ್ತು. ನಡೆಯಲು ಹೆದರಿಕೆಯಾಗುವ ರಸ್ತೆಯಲ್ಲಿ ಯಾರೂ ಸೈಕಲ್ ಹತ್ತುವುದಿಲ್ಲ.

ಇನ್ನು ಗಿಡ. ನಾವು ಗಿಡ ನೆಡುವುದು ಜೂನಿನಲ್ಲಿ. ಮಳೆಗಾಲದಲ್ಲಿ ಅದು ತಾನೇ ಚಿಗುರುತ್ತದೆ. ಅದಕ್ಕೆ ನೀರು ಬೇಕಾಗುವುದು ಜನವರಿಯಿಂದ ಮೇ ತನಕ. ಅಷ್ಟು ಹೊತ್ತಿಗೆ ನೆಟ್ಟವರು ಪರೀಕ್ಷೆಯಲ್ಲಿ ಇರುತ್ತಾರೆ, ಆಮೇಲೆ ಊರಿಗೆ ಹೋಗುತ್ತಾರೆ. ಸೆಮಿಸ್ಟರಿನ ಕ್ಯಾಲೆಂಡರಿಗೂ ಗಿಡದ ಕ್ಯಾಲೆಂಡರಿಗೂ ಹೊಂದುವುದೇ ಇಲ್ಲ. ಐನೂರು ನೆಟ್ಟೆವು ಅಂತ ಬರೆದುಕೊಳ್ಳುವ ಬದಲು ಮೂರನೇ ಬೇಸಿಗೆ ದಾಟಿದ ಗಿಡ ಎಷ್ಟು ಅಂತ ಎಣಿಸಿದರೆ ನಾವು ಐವತ್ತೇ ನೆಡುತ್ತೇವೆ, ಐವತ್ತನ್ನೂ ಉಳಿಸುತ್ತೇವೆ. ತರಗೆಲೆಗೆ ಬೆಂಕಿ ಹಚ್ಚುವುದೂ ಇಂಥದ್ದೇ. 2016ರಲ್ಲಿ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಅಂದಿತು. ಆದರೂ ಮಾಗಿಯಲ್ಲಿ ಕ್ಯಾಂಪಸ್ಸಿನ ಮೂಲೆಯಲ್ಲಿ ಹೊಗೆ ಕಾಣುತ್ತದೆ. ಗುಡಿಸುವ ಅಮ್ಮನನ್ನು ಬೈದು ಪ್ರಯೋಜನವಿಲ್ಲ. ಎಂಟು ಗಂಟೆಯೊಳಗೆ ಅಂಗಳ ಚೊಕ್ಕಟವಾಗಿರಬೇಕು ಅಂತ ಅವರಿಗೆ ಹೇಳಿದ್ದಾರೆ. ಎಲೆ ಎಲ್ಲಿಗೆ ಒಯ್ಯಬೇಕು ಅಂತ ಯಾರೂ ಹೇಳಿಲ್ಲ. ಗುಡಿಸುವ ಟೆಂಡರಿನಲ್ಲಿ ಎಲೆಗೊಬ್ಬರದ ಗುಂಡಿ, ಅದಕ್ಕೆ ಬೇಕಾದ ಕೈಗಾಡಿ, ಅದಕ್ಕೆ ಕೊಡುವ ಕೂಲಿ ಮೂರನ್ನೂ ಬರೆದರೆ ಹೊಗೆ ತಾನಾಗಿ ನಿಲ್ಲುತ್ತದೆ.

ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿ ಇರುವುದು ಎರಡೋ ಮೂರೋ ವರ್ಷ. ಕುಲಪತಿಯ ಅವಧಿ ನಾಲ್ಕು ವರ್ಷ. ಇಬ್ಬರೂ ಹೋದ ಮೇಲೂ ಉಳಿಯುವವರು ಪಂಪ್ ಆಪರೇಟರ್, ಮಾಲಿ, ಎಲೆಕ್ಟ್ರಿಷಿಯನ್, ಅಡುಗೆಯವರು. ಯಾವ ವಾಲ್ವ್ ಸಡಿಲ, ಯಾವ ಪೈಪು ಯಾವ ಮರದ ಬೇರಿನ ಕೆಳಗೆ ಹೋಗಿದೆ, ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲ ಅವರಿಗೆ ಗೊತ್ತು. ಅವರಲ್ಲಿ ಎಷ್ಟೋ ಜನ ಗುತ್ತಿಗೆಯ ಮೇಲೆ ಇದ್ದಾರೆ. ಪರಿಸರ ಸಮಿತಿಯ ಸಭೆಗೆ ಅವರನ್ನು ಕರೆಯುವುದಿಲ್ಲ. ನೀರುಗಂಟಿ ಅಂತ ನಾನು ಹೇಳುತ್ತಿರುವುದು ಇವರನ್ನೇ. ಇವರಲ್ಲಿ ಒಬ್ಬರಿಗೆ ಹುದ್ದೆ ಕೊಡಿ, ಕೆಲಸ ಕಾಯಂ ಮಾಡಿ, ಕೈಗೆ ಮೀಟರಿನ ಪುಸ್ತಕ ಕೊಡಿ. ಪ್ಲಂಬರನ್ನು ಕರೆಸಲು, ಸಣ್ಣ ರಿಪೇರಿಗೆ ದುಡ್ಡು ಖರ್ಚು ಮಾಡಲು ಅಧಿಕಾರ ಕೊಡಿ. ಹಣಕಾಸು ವಿಭಾಗದಿಂದ ತಿಂಗಳ ಬಿಲ್ಲು ಮೊದಲು ಅವರ ಮೇಜಿಗೆ ಬರಲಿ.

ಮೀಟರ್ ಓದಲು ಜನ ಬೇಕಲ್ಲ ಅಂದರೆ ಜನ ಆಗಲೇ ಇದ್ದಾರೆ. ಯುಜಿಸಿಯ ಆ ಪರಿಸರ ಪತ್ರಿಕೆಯಲ್ಲಿ ಕ್ಷೇತ್ರಕಾರ್ಯ ಅಂತ ಒಂದು ಭಾಗ ಇದೆ. ಹತ್ತಿರದ ಮಲಿನ ಜಾಗವನ್ನು ನೋಡಿ ಬನ್ನಿ ಅನ್ನುತ್ತದೆ ಅದು. ಬಸ್ಸು ಮಾಡಿಕೊಂಡು ಎಲ್ಲಿಗೋ ಹೋಗಬೇಕಿಲ್ಲ, ಹಾಸ್ಟೆಲಿನ ಹಿಂದಕ್ಕೆ ಹೋದರೆ ಆಯಿತು. ಮೊದಲ ಸೆಮಿಸ್ಟರಿನವರು ಸೋರುವ ನಲ್ಲಿಗಳ ಪಟ್ಟಿ ಮಾಡಲಿ. ಹನಿ ಹನಿಯಾಗಿ ಸೋರುವ ನಲ್ಲಿಯ ಕೆಳಗೆ ಸಂಜೆ ಒಂದು ಬಕೆಟ್ ಇಟ್ಟು ಮರುದಿನ ನೋಡಲಿ. ಎರಡನೇ ಸೆಮಿಸ್ಟರಿನವರು ಅದೇ ಪಟ್ಟಿ ಹಿಡಿದು ಹೋಗಿ, ಯಾವುದು ರಿಪೇರಿಯಾಗಿದೆ ಅಂತ ಗುರುತು ಹಾಕಲಿ. ಸಿವಿಲ್ ಎಂಜಿನಿಯರಿಂಗ್ ಮಕ್ಕಳು ಪೈಪಿನ ನಕ್ಷೆ ಬರೆಯಲಿ, ಸಸ್ಯಶಾಸ್ತ್ರದವರು ಮರದ ಲೆಕ್ಕ ಇಡಲಿ, ವಾಣಿಜ್ಯ ವಿಭಾಗದವರು ಬಿಲ್ಲು ಬಿಡಿಸಲಿ. ಇದಕ್ಕೆ ಅಂಕವೂ ಸಿಗಲಿ.

ನಮ್ಮ ಹಾಸ್ಟೆಲಿನ ಟ್ಯಾಂಕಿಗೆ ಕೊನೆಗೂ ಒಂದು ತೇಲುಬುರುಡೆಯ ಸ್ವಿಚ್ ಹಾಕಿದರು ಅಂತ ಆಮೇಲೆ ಜೂನಿಯರ್ ಒಬ್ಬ ಫೋನಿನಲ್ಲಿ ಹೇಳಿದ. ನೀರು ತುಂಬಿದ ಕೂಡಲೇ ಮೋಟರ್ ತಾನೇ ನಿಲ್ಲುತ್ತದಂತೆ. ಹಾಕಿಸಿದ್ದು ಪಂಪ್ ಆಪರೇಟರ್. ಮೂರು ವರ್ಷದಿಂದ ಕೇಳುತ್ತಿದ್ದರಂತೆ ಅವರು. ಹೊಸ ವಾರ್ಡನ್ ಒಂದು ದಿನ ಬೆಳಗಿನ ಜಾವ ತಾವೇ ಎದ್ದು ಬಂದು ಆ ಸದ್ದು ಕೇಳಿದ ಮೇಲೆ ಕಾಗದಕ್ಕೆ ಸಹಿ ಬಿತ್ತು.